ಎರಡು ಬಣ್ಣದ ಹಲಗೆ

"ಗುರುಗಳೇ, ಯುಗಾದಿ ಹತ್ತಿರ ಬಂತು. ಮನೆಗೆ ಹೊಸ ಬಣ್ಣ ಬಳಿಸೋಣ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ನಡುಮನೆಯ ಗೋಡೆಗೆ ಇರುವುದು ನನ್ನ ತಾಯಿ ಆರಿಸಿದ ಬಣ್ಣ. ತಾಯಿ ಈಗ ಇಲ್ಲ. ಆ ಗೋಡೆಯನ್ನು ಹಾಗೆಯೇ ಉಳಿಸಿಕೊಳ್ಳಲೇ, ಬಳಿಯಲು ಬಿಡಲೇ?"

ಹೀಗೆ ಕೇಳಿದವನು ಮರುಳಯ್ಯನೆಂಬ ಶಿಷ್ಯ. ತಾಯಿಯ ಕ್ರಿಯೆಗಳನ್ನು ಮುಗಿಸಿ ಆಶ್ರಮಕ್ಕೆ ಮರಳಿದ ಮೇಲೆ ಅವನು ತಾನಾಗಿ ಆಡಿದ ಮೊದಲ ಮಾತು ಇದು. ಗುರುಗಳು ಉಳಿಸು ಎನ್ನಲಿಲ್ಲ, ಬಳಿಸು ಎನ್ನಲಿಲ್ಲ. "ಕುಳಿತುಕೋ" ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಬಣ್ಣಗಾರರ ಓಣಿ ಇತ್ತು. ನೂಲಿಗೂ ಬಟ್ಟೆಗೂ ಬಣ್ಣ ಕಟ್ಟುವುದು ಅವರ ಕಸುಬು. ಋತು ತಿರುಗುವ ಹೊತ್ತಿಗೆ ಅಲ್ಲಿನ ಹಿರಿಯರು ಕೂಡಿ ಬರುವ ಋತುವಿಗೆ ಒಂದು ಬಣ್ಣವನ್ನು ಗೊತ್ತುಮಾಡುತ್ತಿದ್ದರು. ಆ ಬಣ್ಣದಲ್ಲಿ ಅದ್ದಿ ತೆಗೆದ ಮೊದಲ ಬಟ್ಟೆಯನ್ನು ಓಣಿಯ ಬಾಯಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಊರಿನವರು ಬಂದು ಕತ್ತೆತ್ತಿ ನೋಡುವರು. "ಈ ಸಲ ಇದೋ!" ಎನ್ನುವರು. ಕೆಲವರು ಮೆಚ್ಚುವರು, ಕೆಲವರು ಮೂಗು ಮುರಿಯುವರು. ವಾರ ಕಳೆಯುವುದರೊಳಗೆ ಮೆಚ್ಚಿದವರ ಬಾಗಿಲಿಗೂ ಮೂಗು ಮುರಿದವರ ಬಾಗಿಲಿಗೂ ಅದೇ ಬಣ್ಣದ ಪರದೆ ಬಂದಿರುತ್ತಿತ್ತು. ಒಂದು ವರ್ಷದ ಮಳೆಗಾಲಕ್ಕೆ ಬಂದ ಬಣ್ಣ ಮರುವರ್ಷದ ಮಳೆಗಾಲಕ್ಕೆ ಬರುತ್ತಿರಲಿಲ್ಲ. ಆ ಓಣಿಯಲ್ಲಿ ಕಾಗೆಯೂ ಋತುವಿಗೊಮ್ಮೆ ಬಣ್ಣ ಬದಲಿಸುತ್ತದೆ ಎಂದು ಸುತ್ತಲಿನ ಊರಿನವರು ನಗುತ್ತಿದ್ದರು.

ಆ ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಮಳೆ ನಿಂತು ದಾರಿ ಗಟ್ಟಿಯಾದ ಮೇಲೆ ಮೆಣಸು, ಏಲಕ್ಕಿ ಹೇರಿಕೊಂಡು ಗಾಡಿಯಲ್ಲಿ ದೂರದ ಸೀಮೆಗಳಿಗೆ ಹೋಗುತ್ತಿದ್ದ. ಚಳಿಗಾಲ, ಬೇಸಗೆಯೆಲ್ಲ ಹೊರಗೆ ಕಳೆದು, ಮತ್ತೆ ಮಳೆ ಹಿಡಿಯುವ ಮುನ್ನ ಮನೆ ಸೇರುತ್ತಿದ್ದ. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಇದ್ದಳು.

ಅವಳಿಗೆ ಕುಂಕುಮದ ಭರಣಿಗಳನ್ನು ಕೂಡಿಸುವ ಆಸೆ. ಮರದವು, ಹಿತ್ತಾಳೆಯವು, ಬಳಪದ ಕಲ್ಲಿನವು, ಕೊಂಬಿನವು, ತೆಂಗಿನ ಚಿಪ್ಪನ್ನು ನಯಮಾಡಿ ಮುಚ್ಚಳ ಕೂಡಿಸಿದವು. ತವರಿನಿಂದ ಬಂದವು ಕೆಲವು. ಬಾಗಿಲಿಗೆ ಬಂದ ಬಳೆಗಾರರಿಂದ ಕೊಂಡವು ಕೆಲವು. ಗಂಡನೂ ಹೋದ ಊರಿನಿಂದ ಒಂದೊಂದನ್ನು ತರುತ್ತಿದ್ದ. ಎಲ್ಲವನ್ನೂ ಅವಳು ಒಂದು ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ನಡುಮನೆಯ ಗೋಡೆಗೆ ಒಂದು ಉದ್ದದ ಹಲಗೆ ಇತ್ತು. ಋತು ತಿರುಗಿದಾಗ ಆ ಹಲಗೆಗೆ ಹೊಸ ಬಣ್ಣದ ಬಟ್ಟೆ ಹಾಸಿ, ಆ ಬಣ್ಣಕ್ಕೆ ಒಪ್ಪುವ ಕೆಲವು ಭರಣಿಗಳನ್ನು ಮಾತ್ರ ಆರಿಸಿ ಇಡುತ್ತಿದ್ದಳು. ಉಳಿದವು ಪೆಟ್ಟಿಗೆಯಲ್ಲಿ ತಮ್ಮ ಸರದಿ ಕಾಯುತ್ತಿದ್ದವು.

ಗಂಡ ಮನೆಗೆ ಬರುವಾಗ ಹಲಗೆ ಮಳೆಗಾಲಕ್ಕೆ ಸಿದ್ಧವಾಗಿರುತ್ತಿತ್ತು. ಅದರ ಮೇಲೆ ತಾನು ತಂದ ಒಂದು ಭರಣಿಯನ್ನೂ ಅವನು ಕಂಡವನಲ್ಲ. ಮೊದಮೊದಲು ಸುಮ್ಮನಿದ್ದ. ಆಮೇಲೆ ಒಮ್ಮೆ ಕೇಳಿದ.

"ಊರೂರು ಸುತ್ತಿ ನಾನು ತಂದದ್ದೆಲ್ಲ ಪೆಟ್ಟಿಗೆಗೆ ನೈವೇದ್ಯವೋ?"

"ಅವುಗಳ ಕಾಲ ಬೇರೆ. ನಿಮಗೆ ತಿಳಿಯುವುದಿಲ್ಲ ಬಿಡಿ" ಎಂದು ಅವಳು ನಕ್ಕಳು.

ತಾನು ತಂದದ್ದು ಅವಳ ಕಣ್ಣಿಗೆ ಹಿಡಿಸಿಲ್ಲ ಎಂದು ಅವನು ತಿಳಿದುಕೊಂಡ. ಆದರೂ ತರುವುದನ್ನು ಬಿಡಲಿಲ್ಲ. ಮುಂದಿನ ಊರಿನಲ್ಲಾದರೂ ಹಲಗೆ ಏರುವಂಥದು ಸಿಕ್ಕೀತು ಎಂದು ಅಂಗಡಿ ಅಂಗಡಿ ಹುಡುಕುತ್ತಿದ್ದ.

ಒಂದು ವರ್ಷ ಬೇಸಗೆಯ ಕೊನೆಯಲ್ಲಿ ಅವನು ಊರು ಮುಟ್ಟಿದಾಗ ಮನೆಯ ಮುಂದೆ ಜನ ನಿಂತಿದ್ದರು. ಹೆಂಡತಿಗೆ ಜ್ವರ ಬಂದಿತ್ತು. ಜ್ವರ ಅವಳನ್ನು ಬಿಡದೆ ಕೊಂಡೊಯ್ದಿತ್ತು. ಅವಳ ಮುಖವನ್ನು ನೋಡುವಷ್ಟಕ್ಕೆ ಮಾತ್ರ ಅವನು ಬಂದ ಹಾಗಾಯಿತು. ನೆರೆಮನೆಯ ಮುದುಕಿ ಅವನಿಗೆ ಹೇಳಿದಳು: "ಜ್ವರ ಏರುವ ಮುಂಚೆ ಕೊನೆಗೆ ಕೈಯಾಡಿಸಿದ್ದು ಆ ಹಲಗೆಯ ಮೇಲೆ, ಯಜಮಾನರೇ. ನೀವು ಬರುತ್ತೀರೆಂದು."

ಎಲ್ಲರೂ ಹೋದ ಮೇಲೆ ಅವನು ಹಲಗೆಯನ್ನು ನೋಡಿದ. ಅದಕ್ಕೆ ಎರಡು ಬಣ್ಣದ ಬಟ್ಟೆ ಹಾಸಿತ್ತು. ಎಡಗಡೆ ಹಳದಿ, ಬಲಗಡೆ ಕಡುನೀಲಿ. ಹಳದಿಯ ಮೇಲೆ ಇದ್ದವು ಅವನು ತಂದ ಭರಣಿಗಳು. ನೀಲಿಯ ಮೇಲೆ ಇದ್ದವು ಅವಳವು. ತಾನು ತಂದದ್ದು ಹಲಗೆಯ ಮೇಲೆ ಇರುವುದನ್ನು ಅವನು ಕಂಡದ್ದು ಅದೇ ಮೊದಲು. ಈ ಸಲ ಓಣಿಯವರು ಎರಡು ಬಣ್ಣ ಇಳಿಬಿಟ್ಟಿರಬೇಕು ಎಂದುಕೊಂಡ. ಕೊನೆಗಾದರೂ ನನ್ನವನ್ನು ತನ್ನವುಗಳ ಪಕ್ಕದಲ್ಲಿ ಇಟ್ಟು ಹೋದಳು ಎಂದುಕೊಂಡ. ಹಾಗೆ ಎಂದುಕೊಂಡಾಗ ಅವನಿಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಅಂದಿನಿಂದ ಆ ಹಲಗೆಯನ್ನು ಯಾರೂ ಮುಟ್ಟಲು ಬಿಡಲಿಲ್ಲ. ಮಳೆ ನಿಂತಿತು, ಗಾಡಿ ಕಟ್ಟಲಿಲ್ಲ. ತಾನು ಹೊರಗೆ ಹೋದಾಗ ಯಾರಾದರೂ ಒಳಗೆ ಬಂದು ಒಂದು ಭರಣಿಯನ್ನು ಸರಿಸಿದರೆ ಏನು ಗತಿ ಎಂಬ ಭಯ. ಎತ್ತಿ ಒರೆಸಿದರೆ ಅದೇ ಜಾಗಕ್ಕೆ ಇಡಲಾರೆನೆಂದು ಬಾಯಿಂದ ಊದಿ ಧೂಳು ತೆಗೆಯುತ್ತಿದ್ದ. ಬಿಸಿಲು ಬಿದ್ದು ಹಳದಿ ಮಾಸಿತು, ನೀಲಿ ಬಿಳಿಚಿತು. ದಿನವೂ ಅದರ ಮುಂದೆ ಕುಳಿತುಕೊಳ್ಳುತ್ತಿದ್ದ. ಅವಳ ಕೈ ಹೇಗೆ ಚಾಚಿತ್ತು, ಯಾವುದನ್ನು ಮೊದಲು ಇಟ್ಟಿತ್ತು, ಯಾವುದನ್ನು ಇಟ್ಟು ಮತ್ತೆ ಸರಿಸಿತ್ತು ಎಂದು ಊಹಿಸುತ್ತಿದ್ದ. ಆ ಕೈಯನ್ನು ಒಮ್ಮೆ ಕಾಣಬೇಕು ಎಂಬುದೊಂದೇ ಅವನ ಆಸೆಯಾಗಿತ್ತು. ಮುಖ ನೆನಪಿಗೆ ಬರುತ್ತಿತ್ತು, ದನಿ ಬರುತ್ತಿತ್ತು. ಕೈ ಮಾತ್ರ ಬರುತ್ತಿರಲಿಲ್ಲ.

ಸಾವಾದ ಮನೆ ವರ್ಷ ತುಂಬುವವರೆಗೆ ಬಣ್ಣ ಬದಲಿಸಬಾರದು ಎಂಬುದು ಆ ಊರಿನ ರೂಢಿ. ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ಹಲಗೆ ಹಾಗೇಕೆ ಇದೆ ಎಂಬುದು ನೆರೆಮನೆಯ ಹೆಂಗಸರಿಗೆ ಗೊತ್ತಿತ್ತು. ಅವನಿಗೆ ಗೊತ್ತಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ವರ್ಷದ ಕ್ರಿಯೆ ಮುಗಿದ ಮೇಲೆ ಹೆಂಡತಿಯ ತಂಗಿ ಬಂದಳು. ಅಕ್ಕ ತೀರಿಕೊಂಡಾಗ ಅವಳು ದೂರದ ಊರಿನಲ್ಲಿ ಬಾಣಂತಿ, ಬರಲಾಗಿರಲಿಲ್ಲ. ಮದುವೆಗೆ ಮುಂಚೆ, ಭಾವ ಹೊರಗೆ ಹೋದ ಕಾಲದಲ್ಲೆಲ್ಲ ಅಕ್ಕನಿಗೆ ಜೊತೆಯಾಗಿ ಈ ಮನೆಯಲ್ಲೇ ಇದ್ದವಳು. ಬಂದವಳು ಕಾಲು ತೊಳೆದು ಒಳಗೆ ಬಂದಳು. ಅಳುವುದನ್ನು ಅತ್ತಳು. ಕಣ್ಣು ಒರೆಸಿಕೊಂಡು ತಲೆ ಎತ್ತಿದಾಗ ಹಲಗೆ ಕಂಡಿತು. ಅವಳಿಗೆ ತಡೆಯದೆ ನಗು ಬಂತು.

"ಇದೇನು ಭಾವ, ಅಕ್ಕನ ಹಲಗೆಗೆ ಬೆಕ್ಕು ನುಗ್ಗಿತ್ತೇ?"

ಆ ನಗು ವ್ಯಾಪಾರಿಗೆ ಹಿಡಿಸಲಿಲ್ಲ. "ನಗಬೇಡ. ಅದು ನಿನ್ನ ಅಕ್ಕನೇ ಜೋಡಿಸಿದ್ದು. ಅವಳು ಇಟ್ಟದ್ದು ಇಟ್ಟಲ್ಲೇ ಇದೆ. ಕೂದಲೆಳೆಯಷ್ಟೂ ಕದಲಿಲ್ಲ" ಎಂದ.

ಅವಳ ನಗು ನಿಂತಿತು. ಹತ್ತಿರ ಹೋಗಿ ನೋಡಿದಳು. ಹಳದಿ ಬಟ್ಟೆಯ ಮಡಿಚಿದ ಅಂಚನ್ನು ನೋಡಿದಳು. ಹಲಗೆಯ ಕೆಳಗೆ ಬಾಯಿ ತೆರೆದೇ ಇದ್ದ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಭಾವನ ಕಡೆ ತಿರುಗಿದಳು.

"ಜೋಡಿಸಿದ್ದಲ್ಲ ಭಾವ, ಜೋಡಿಸುತ್ತ ಬಿಟ್ಟದ್ದು. ನೀವು ಯಾವಾಗಲೂ ಎಲ್ಲ ಮುಗಿದ ಮೇಲೆ ಬಂದವರು. ನಡುವೆ ಹೇಗಿರುತ್ತದೆ ಎಂದು ನೀವು ಕಂಡಿಲ್ಲ. ಬೇಸಗೆಯ ಹಳದಿ ಬಟ್ಟೆಯನ್ನು ಮಡಿಚುತ್ತ ಬಂದಳು, ಮಳೆಗಾಲದ ನೀಲಿಯನ್ನು ಹಾಸುತ್ತ ಬಂದಳು. ಅರ್ಧಕ್ಕೆ ಕೂರಬೇಕಾಯಿತು. ಇವು ಒಳಗೆ ಹೋಗಬೇಕಾಗಿದ್ದವು."

ಅವಳು ತೋರಿಸಿದ್ದು ಅವನು ತಂದ ಭರಣಿಗಳನ್ನು.

ವ್ಯಾಪಾರಿ ಕಂಬಕ್ಕೆ ಒರಗಿ ಕುಳಿತ. ವರ್ಷವೆಲ್ಲ ಅವನನ್ನು ಎತ್ತಿ ನಿಲ್ಲಿಸಿದ್ದು ಆ ಒಂದು ಹಲಗೆ. ಅವಳು ಕೊನೆಯಲ್ಲಿ ತನ್ನನ್ನು ಪಕ್ಕದಲ್ಲಿ ಇಟ್ಟುಕೊಂಡಳು ಎಂಬ ನಂಬಿಕೆ. ಅದೂ ಇಲ್ಲವೆಂದಾಯಿತು. "ಹಾಗಾದರೆ ಅವಳು ಕೊನೆಯದಾಗಿ ಮಾಡುತ್ತಿದ್ದದ್ದು, ನಾನು ತಂದದ್ದನ್ನು ಪೆಟ್ಟಿಗೆಗೆ ಹಾಕುವುದೇ?" ಎಂದ.

"ನೀವು ಬರುತ್ತಿದ್ದಿರಲ್ಲ ಭಾವ!"

ಅವನಿಗೆ ಅರ್ಥವಾಗಲಿಲ್ಲ. ತಂಗಿಯೇ ಹೇಳಿದಳು. "ನೀವು ಗಾಡಿ ಕಟ್ಟಿಕೊಂಡು ಹೋದ ಮರುದಿನವೇ ಅಕ್ಕ ತನ್ನವನ್ನೆಲ್ಲ ಎತ್ತಿಡುತ್ತಿದ್ದಳು. ಚಳಿಗಾಲ, ಬೇಸಗೆ, ಓಣಿಯವರು ಯಾವ ಬಣ್ಣ ಇಳಿಬಿಡಲಿ, ಹಲಗೆಯ ತುಂಬ ನೀವು ತಂದವೇ. ಊಟಕ್ಕೆ ಅದರ ಮುಂದೆಯೇ ಕೂರುತ್ತಿದ್ದಳು. ನೀವು ಬರುವ ಸುದ್ದಿ ಬಂದರೆ ತೆಗೆಯುತ್ತಿದ್ದಳು. 'ಅವರೇ ಬರುವಾಗ ಇವು ಯಾಕೆ' ಎನ್ನುತ್ತಿದ್ದಳು. ನಾನು ಎಷ್ಟು ಗೇಲಿ ಮಾಡಿದ್ದೇನೆ! ನಿಮಗೆ ಒಮ್ಮೆಯೂ ಹೇಳಲಿಲ್ಲವೇ?"

ವ್ಯಾಪಾರಿ ಇಲ್ಲವೆಂದು ತಲೆಯಾಡಿಸಿದ.

"ನಾನು ಮುಗಿಸಿ ಕೊಡಲೇ ಭಾವ? ಅಕ್ಕನ ಕೈ ನನಗೆ ಗೊತ್ತು" ಎಂದು ತಂಗಿ ಕೇಳಿದಳು. ಅವನು ಬೇಡವೆಂದ. ಹೇಗೆ ಮಾಡುತ್ತಿದ್ದಳು ಎಂದು ಹೇಳು, ಸಾಕು ಎಂದ. ಅವಳು ಹೇಳಿದಳು: ಬಟ್ಟೆ ಹಾಸುವಳು, ಒಂದು ಭರಣಿಯನ್ನು ಇಡುವಳು, ಬೀದಿಬಾಗಿಲಿನವರೆಗೆ ನಡೆದು ಹೋಗುವಳು, ಅಲ್ಲಿ ತಿರುಗಿ ನಿಂತು ನೋಡುವಳು. ಒಳಗೆ ಬರುವವನ ಕಣ್ಣಿಗೆ ಅದು ಹೇಗೆ ಬೀಳುತ್ತದೆ ಎಂದು. ಹಿಡಿಸದಿದ್ದರೆ ಮತ್ತೆ ಬಂದು ಸರಿಸುವಳು. ಒಂದು ಹಲಗೆಗೆ ಒಂದು ಹಗಲು ಹಿಡಿಯುತ್ತಿತ್ತು.

ತಂಗಿ ಊರಿಗೆ ಹೋದಳು. ಮಳೆಗಾಲ ಎದುರಿಗೆ ಇತ್ತು. ವ್ಯಾಪಾರಿ ಬಣ್ಣಗಾರರ ಓಣಿಗೆ ಹೋದ. ಆ ವರ್ಷದ ಬಣ್ಣ ಹಸಿರು, ಆಗ ತಾನೆ ಚಿಗುರಿದ ಗರಿಕೆಯ ಹಸಿರು. ಅವಳು ಇದನ್ನು ನೋಡಲಿಲ್ಲವಲ್ಲ ಎಂದು ಅನಿಸಿತು. ಒಂದು ತುಂಡು ತಂದ.

ಹಲಗೆಯ ಮುಂದೆ ನಿಂತ. ಹಳದಿಯ ಮೇಲಿನ ಮೊದಲ ಭರಣಿಯನ್ನು ಎತ್ತುವುದು ಬಹಳ ಕಷ್ಟವಾಯಿತು. ಎತ್ತಿದ. ಅದರ ಕೆಳಗೆ ಬಟ್ಟೆ ಇನ್ನೂ ಹೊಸದರಂತೆ ಹಳದಿಯಾಗಿತ್ತು; ಅವಳು ಹಾಸಿದ ದಿನದ ಹಳದಿ. ಸ್ವಲ್ಪ ಹೊತ್ತು ಆ ಗುರುತನ್ನೇ ನೋಡುತ್ತ ನಿಂತ. ಆಮೇಲೆ ತಾನು ತಂದವನ್ನೆಲ್ಲ ಪೆಟ್ಟಿಗೆಗೆ ಇಳಿಸಿದ. ಅವಳವನ್ನು ಪಕ್ಕಕ್ಕೆ ಎತ್ತಿಟ್ಟು ಎರಡು ಬಟ್ಟೆಗಳನ್ನೂ ಮಡಿಚಿದ. ಹಸಿರನ್ನು ಹಾಸಿದ. ಹೊರಗೆ ಹೋದವರ ವಸ್ತು ಹಲಗೆಯ ಮೇಲೆ ಇರಬೇಕು ಎಂಬುದು ಆ ಮನೆಯ ಪದ್ಧತಿ ಎಂದು ಅವನಿಗೆ ಈಗ ತಿಳಿದಿತ್ತು. ಅವಳವನ್ನು ಒಂದೊಂದಾಗಿ ಇಡಲು ಕೈಗೆ ತೆಗೆದುಕೊಂಡ.

ಒಂದನ್ನು ಇಟ್ಟು ಬಾಗಿಲಿಗೆ ಹೋಗಿ ನೋಡಿದ. ಚೆನ್ನಾಗಿ ಕಾಣಲಿಲ್ಲ. ಬಂದು ಬದಲಿಸಿದ. ಮತ್ತೆ ಹೋದ. ನೆರೆಮನೆಯ ಮುದುಕಿ ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದಳು. "ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೀರಲ್ಲ ಯಜಮಾನರೇ! ಹಸಿರಿನ ಮೇಲೆ ಆ ಕಪ್ಪು ಕೊಂಬಿನದನ್ನು ಇಟ್ಟರೆ ಹುಲ್ಲಿನಲ್ಲಿ ಎಮ್ಮೆ ಮಲಗಿದ ಹಾಗಿದೆ" ಎಂದಳು. ಅವನು ನಕ್ಕ. ಕೊಂಬಿನದನ್ನು ತೆಗೆದು ಹಿತ್ತಾಳೆಯದನ್ನು ಇಟ್ಟ. ಅದು ಹಸಿರಿನ ಮೇಲೆ ಬಿಸಿಲು ಬಿದ್ದಂತೆ ಕಂಡಿತು. ಇಷ್ಟು ವರ್ಷ ಈ ಹಲಗೆಯ ಮುಂದೆ ಬಂದು ನಿಂತೆ, ಒಮ್ಮೆಯೂ ಇದನ್ನು ನೋಡಲಿಲ್ಲವಲ್ಲ ಎಂದು ಅನಿಸಿತು. ನನ್ನದು ಇದೆಯೇ ಎಂದಷ್ಟೇ ನೋಡಿದೆ ಎಂದುಕೊಂಡ.

ಆ ಹಗಲು ಕಳೆಯಿತು. ಕೊನೆಯ ಭರಣಿಯನ್ನು ಸರಿಸಲು ಕೈ ಚಾಚಿದವನು ಹಾಗೆಯೇ ನಿಂತ. ಚಾಚಿ, ಅರೆಗಳಿಗೆ ತಡೆದು, ಬೆರಳ ತುದಿಯಿಂದ ಮುಚ್ಚಳವನ್ನು ಮುಟ್ಟಿ ತಿರುಗಿಸುವುದು: ಒಂದು ವರ್ಷದಿಂದ ಅವನು ನೆನಪಿಸಿಕೊಳ್ಳಲು ಹೆಣಗಿದ ಅವಳ ಕೈ ಅದೇ. ಕಂಡಿತು. ಕೂಡಲೇ ಹೋಯಿತು. ಮತ್ತೆ ಚಾಚಿ ನೋಡಿದ. ಬರಲಿಲ್ಲ.

ಮಳೆ ಮುಗಿದು ಶರತ್ಕಾಲ ಬಂತು. ಓಣಿಯವರು ಬೂದುಬಿಳುಪು ಇಳಿಬಿಟ್ಟರು. ಅವನು ಹಸಿರನ್ನು ತೆಗೆದು ಅದನ್ನು ಹಾಸಿದ; ಪೆಟ್ಟಿಗೆ ತೆರೆದು ಮತ್ತೆ ಆರಿಸಿದ. ಹೇಮಂತಕ್ಕೆ ಕೆಂಪು ಬಂತು. ಅದಕ್ಕೂ ಆರಿಸಿದ. ಇಟ್ಟು, ಬಾಗಿಲಿಗೆ ಹೋಗಿ, ತಿರುಗಿ ನಿಂತು ನೋಡುತ್ತಿದ್ದ. ಒಳಗಿನಿಂದ ಯಾರೋ ಏನೋ ಹೇಳುತ್ತಾರೆ ಎಂಬಂತೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದ. ಆಮೇಲೆ ಒಳಗೆ ಬರುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮುಂದೆ ಇದೆಯೇನೋ ಎಂದು ಮರುಳಯ್ಯ ಕಾದ. ಕೊನೆಗೆ ಅವನೇ ಕೇಳಿದ.

"ಗುರುಗಳೇ, ಅವನು ಜೋಡಿಸಿದ್ದು ಅವಳು ಜೋಡಿಸುತ್ತಿದ್ದ ಹಾಗೆ ಇರುತ್ತಿತ್ತೇ?"

"ಅದನ್ನು ಹೇಳಬಲ್ಲವಳು ಒಬ್ಬಳೇ, ಮರುಳಯ್ಯ. ಅವಳನ್ನು ಕೇಳುವುದಕ್ಕೆಂದೇ ಅವನು ಪ್ರತಿ ಋತುವಿಗೂ ಜೋಡಿಸುತ್ತಿದ್ದ."