ಸುಬೇದಾರರ ಹೆಸರುಗಲ್ಲು

ಕಚೇರಿ ಬಾಗಿಲಲ್ಲಿ ಒಂದು ದೊಡ್ಡ ಕಲ್ಲು ನಿಂತಿತ್ತು. ಆ ಸೀಮೆಯನ್ನು ಆಳಿಹೋದ ಸುಬೇದಾರರ ಹೆಸರೆಲ್ಲ ಅದರ ಮೇಲಿತ್ತು. ಹೊಸ ಸುಬೇದಾರ ಕೃಷ್ಣಾಜಿರಾಯನಿಗೆ ಅದನ್ನು ಕಂಡರೇ ಆಗುತ್ತಿರಲಿಲ್ಲ. ಕಲ್ಲುಕುಟಿಗ ಬೀರೋಜನನ್ನು ಹಿಡಿದು ತರಿಸಿದ.

"ಇವರನ್ನೆಲ್ಲ ಅಳಿಸಿಹಾಕು. ನನ್ನ ಹೆಸರೊಂದೇ ಇರಬೇಕು. ಆಗಲ್ಲ ಅಂದರೆ ನಿನ್ನ ಬಲಗೈ ಕತ್ತರಿಸ್ತೀನಿ."

ಬೀರೋಜ ಕಲ್ಲಿನತ್ತ ನೋಡಿದ. ಅದರಲ್ಲಿ ಊರಿಗೆ ಕೆರೆ ಕಟ್ಟಿಸಿದವನ ಹೆಸರೂ ಇತ್ತು. ಅಳಿಸಿದರೆ ಊರವರು ಬಿಡುವುದಿಲ್ಲ, ಅಳಿಸದಿದ್ದರೆ ಕೈ ಉಳಿಯುವುದಿಲ್ಲ. ಉಳಿ ಎತ್ತಿದವನು ಮತ್ತೆ ಇಳಿಸಿದ.

"ಬುದ್ಧಿ, ತಮ್ಮ ಹೆಸರನ್ನು ಮೇಲುಮೇಲೆ ಕೆತ್ತಲೋ, ಆಳವಾಗಿ ಕೆತ್ತಲೋ?"

"ಅದ್ಯಾಕೆ ಕೇಳ್ತೀಯೋ?"

"ಆಳವಾದರೆ ಅಳಿಸೋದು ಕಷ್ಟ. ಮುಂದೆ ಬರೋ ಸುಬೇದಾರರೂ ನನ್ನನ್ನೇ ಕರೆಸ್ತಾರೆ, ಬುದ್ಧಿ. ತಮ್ಮನ್ನು ನೋಡಿ ಅವರೂ ಇದನ್ನೇ ಹೇಳ್ತಾರೆ."

ಪಹರೆಯವನ ಕೈ ಕತ್ತಿಯ ಹಿಡಿಗೆ ಹೋಯಿತು. ಬೀರೋಜ ಬಲಗೈಯನ್ನು ಎದೆಗೆ ಒತ್ತಿಕೊಂಡ. ರಾಯ ಕಲ್ಲನ್ನೇ ನೋಡುತ್ತ ನಿಂತ. ಅವನ ಮುಖ ಬಿಳುಚಿಕೊಂಡಿತು.

"ಎಲ್ಲಾ ಇರಲಿ ಬಿಡು," ಎಂದ ಮೆಲ್ಲಗೆ. "ಕೆಳಗೆ ನನಗೆ ಜಾಗ ಇದೆಯೇನೋ?"

"ಇದೆ ಬುದ್ಧಿ. ತಮ್ಮ ನಂತರ ಬರೋರಿಗೂ ಇದೆ."