ದರ್ಜಿಯಮ್ಮನ ಅಯಸ್ಕಾಂತ

ಮದುವೆಮನೆಯಲ್ಲಿ ಹೆಣ್ಣಿನವರು ಕೊಟ್ಟ ಬಿಂದಿಗೆ ನೋಡಿ ವರನ ತಂದೆ ಗದರಿದರು. "ಇದು ಹಿತ್ತಾಳೆಯಲ್ಲ, ಕಬ್ಬಿಣಕ್ಕೆ ಬಳಿದ ಬಣ್ಣ. ಹಿತ್ತಾಳೆಯೇ ಆದರೆ ಗೀರದೆ, ಉಜ್ಜದೆ ಸಾಬೀತು ಮಾಡಿ!" ವಧುವಿನ ತಾಯಿಯ ಕಣ್ಣು ತುಂಬಿತು.

ರವಿಕೆ ಹೊಲಿದು ತಂದಿದ್ದ ದರ್ಜಿಯಮ್ಮ, ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತ ತೆಗೆದಳು. "ಯಜಮಾನ್ರೇ, ಇದು ಕಬ್ಬಿಣ ಕಂಡ್ರೆ ಬಿಡಲ್ಲ. ಹಿತ್ತಾಳೆ, ಬೆಳ್ಳಿ ಕಂಡ್ರೆ ಮೂಸಿಯೂ ನೋಡಲ್ಲ." ಬಿಂದಿಗೆಗೆ ತಾಗಿಸಿದಳು. ಅಂಟಲಿಲ್ಲ.

"ಎಲ್ಲಿ, ನನ್ನ ಬೆಳ್ಳಿಗೆ ಹಿಡಿ!" ವರನ ತಂದೆ ತಮ್ಮ ಎಲೆಯಡಿಕೆ ಡಬ್ಬಿ ಚಾಚಿದರು. ಅಯಸ್ಕಾಂತ ಟಕ್ಕನೆ ಕಚ್ಚಿಕೊಂಡಿತು.

ಅವರ ಮುಖ ಕಪ್ಪಿಟ್ಟಿತು. ದರ್ಜಿಯಮ್ಮ ತಟ್ಟನೆ ಡಬ್ಬಿಯ ಮೇಲೆ ಸೆರಗು ಹೊದಿಸಿದಳು. "ಅಯ್ಯೋ, ನನ್ನ ಸೂಜಿ ಒಳಗೆ ಬಿದ್ದುಬಿಟ್ಟಿದೆ!"

"ಬಿಂದಿಗೆ ಅಪ್ಪಟ ಹಿತ್ತಾಳೆ!" ಎಂದು ಅವರು ಎಲ್ಲರಿಗೂ ಕೇಳುವಂತೆ ಸಾರಿದರು. ಆಮೇಲೆ ದರ್ಜಿಯಮ್ಮನತ್ತ ಬಾಗಿ ಪಿಸುಗುಟ್ಟಿದರು: "ಆ ಸೂಜಿ ಮಾತ್ರ ಹುಡುಕಬೇಡ, ತಾಯಿ."