ಒಂದೆಳೆಯೂ ಸೊಟ್ಟಗಿಲ್ಲದ ಗೂಡು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಒಂದು ಗೀಜಗ ಗೂಡು ಹೆಣೆಯುತ್ತಿತ್ತು. ಗೂಡು ಅರ್ಧವಾದಾಗ ಹೆಣ್ಣನ್ನು ಕರೆದು ತೋರಿಸುವುದು, ಹೆಣ್ಣು ಒಪ್ಪಿದರೆ ಮುಂದೆ ಹೆಣೆಯುವುದು ಗೀಜಗಗಳ ರೂಢಿ. ಇದು ಮಾತ್ರ ಯಾರನ್ನೂ ಕರೆಯಲಿಲ್ಲ. ಒಂದು ಎಳೆ ಸೊಟ್ಟಗಾದರೂ ಅಷ್ಟನ್ನೂ ಬಿಚ್ಚಿ ಮತ್ತೆ ಹೆಣೆಯುತ್ತಿತ್ತು.

ಪಕ್ಕದ ಕೊಂಬೆಯ ಗೀಜಗ ಹಾಗಲ್ಲ. ಅರ್ಧ ಹೆಣೆದು ಕರೆಯುವುದು, ಹೆಣ್ಣು ಮುಖ ತಿರುಗಿಸಿ ಹಾರಿಹೋದರೆ ಆ ಗೂಡನ್ನು ಅಲ್ಲೇ ಬಿಟ್ಟು ಇನ್ನೊಂದಕ್ಕೆ ತೊಡಗುವುದು.

“ಮರದ ತುಂಬ ನಿನ್ನ ಸೋಲುಗಳನ್ನೇ ನೇತುಹಾಕಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?” ಎಂದಿತು ಮೊದಲನೆಯದು.

“ಆಗುತ್ತದೆ. ಅದಕ್ಕೇ ಮುಂದಿನದನ್ನು ಬೇಗ ಶುರುಮಾಡುತ್ತೇನೆ. ನಿನ್ನದನ್ನು ಯಾರಿಗಾದರೂ ತೋರಿಸಿದೆಯೇ?”

“ಮುಗಿಯಲಿ. ಆಮೇಲೆ ಊರಿಗೆ ಊರೇ ಬಂದು ನೋಡುತ್ತದೆ.”

ಮಳೆಗಾಲ ಕಳೆಯಿತು. ಪಕ್ಕದ ಗೀಜಗದ ಕೊನೆಯ ಗೂಡಿನಲ್ಲಿ ಮರಿಗಳಾದವು, ರೆಕ್ಕೆ ಬಲಿತು ಹಾರಿದವು. ಅದು ಬಿಟ್ಟ ಸೊಟ್ಟ ಗೂಡುಗಳಿಗೂ ರಾಟವಾಳ ಹಕ್ಕಿಗಳು ಬಂದು ಸೇರಿಕೊಂಡವು. ಹುಲ್ಲು ಒಣಗುವ ಹೊತ್ತಿಗೆ ಮೊದಲ ಗೀಜಗದ ಗೂಡು ಸಿದ್ಧವಾಯಿತು. ಬಾಗಿಲಲ್ಲಿ ಕೂತು ಅದು ಕರೆಯಿತು, ಮತ್ತೆ ಮತ್ತೆ ಕರೆಯಿತು. ಉಳಿದ ಗೀಜಗಗಳೆಲ್ಲ ಆಗಲೇ ಮರ ಬಿಟ್ಟು ಹೋಗಿದ್ದವು. ಬಾವಿಯೊಳಗಿನಿಂದ ಅದರ ದನಿಯೇ ತಿರುಗಿ ಬಂತು.

ಸಂಜೆ, ಇನ್ನೂ ನೆಲೆ ಸಿಗದ ಒಂದು ರಾಟವಾಳ ಜೋಡಿ ಬಂದು ಕೇಳಿತು: “ಅಣ್ಣಾ, ಎಷ್ಟು ಚೆಂದದ ಗೂಡು. ಖಾಲಿ ಇದೆಯೇ?”

ಗೀಜಗ ಗೂಡನ್ನು ಬಹಳ ಹೊತ್ತು ನೋಡಿತು. ಆಮೇಲೆ ಕೊಕ್ಕಿನಿಂದ ಒಂದು ಎಳೆಯನ್ನು ಎಳೆದು ಬಿಚ್ಚಿತು.

“ಇಲ್ಲಪ್ಪ, ಇನ್ನೂ ಮುಗಿದಿಲ್ಲ” ಎಂದಿತು.